ತಿಂಥಣಿಯನ್ನು ಸೋತ ಸುಗ್ಗಿ

ಈ ಚಳಿಗಾಲದಲ್ಲಿ ಮೊಮ್ಮಗ ಎಲ್ಲಿಂದಲೋ ಒಂದು ಹೊರೆ ಎಳೆ ಜೋಳದ ತೆನೆ ತಂದ. ಯಾದಗಿರಿಯ ನಮ್ಮ ಮನೆಯ ಹಿತ್ತಲಲ್ಲಿ ಕುಳ್ಳಿನ ಕೆಂಡ ಮಾಡಿ ಸುಡತೊಡಗಿದರು. ಸೀತನಿಯ ವಾಸನೆ ಬಂದದ್ದೇ ತಡ, ನಾನು ಮಂಚ ಬಿಟ್ಟು ಹಿತ್ತಲಿಗೆ ಹೋಗಿ ಕೂತೆ. ಸುಟ್ಟ ತೆನೆ ಉಜ್ಜಿ ಕಾಳು ಬಿಡಿಸಿದ್ದಾಯಿತು, ಇನ್ನು ಹೊಟ್ಟು ಹಾರಿಸಬೇಕು. ಮೊಮ್ಮಗನ ಹೆಂಡತಿಗೆ ಆ ಸಾಮಾನು ತಾ ಎನ್ನಲು ಬಾಯಿ ತೆರೆದರೆ ಅದರ ಹೆಸರೇ ಬರಲೊಲ್ಲದು.

"ಅದೇನಲೇ... ಹೊಟ್ಟು ಗಾಳಿಗಿ ಕೊಡತದ, ಕಾಳು ತನ್ನ ಹಂತ್ಯಾಕ ಇಟಗೋತದ. ಅದನ್ನ ತಾ."

"ಮರಾ ಏನ್ರಿ ಅಮ್ಮಾ?" ಎಂದು ಹುಡುಗಿ ಒಳಗೆ ಓಡಿ ಮೊರ ತಂದುಕೊಟ್ಟಳು. ಆಮೇಲೆ ಗಂಡನ ಕಿವಿಯಲ್ಲಿ, "ಅಮ್ಮಗ ಮರವು ಸುರು ಆಗ್ಯಾದ ನೋಡ್ರಿ" ಅಂದಳು. ನನ್ನ ಕಿವಿ ಇನ್ನೂ ಚುರುಕಾಗಿಯೇ ಇದೆ. ಕೇಳಿಸಿತು, ನಗು ಬಂತು. ಇಬ್ಬರೂ ಗಾಬರಿಯಾಗಿ ನನ್ನ ಮುಖ ನೋಡಿದರು.

ಅವರಿಗೇನು ಗೊತ್ತು? ನಾನು ಸಗರಕ್ಕೆ ಹೊಸ ಸೊಸೆಯಾಗಿ ಬಂದ ವರ್ಷ ಮನೆಯ ಹಿರಿಯಳೊಬ್ಬಳು ಹೀಗೆಯೇ ಹೆಸರುಗಳನ್ನು ಕಳೆದುಕೊಂಡಿದ್ದಳು. ನನ್ನದು ಒಂದು ಮೊರ, ಅವಳದು ಇಡೀ ಸಂಸಾರ. ಆದರೂ ನನ್ನ ಬಾಳಿನಲ್ಲಿ ಅಷ್ಟು ನಕ್ಕ ಚಳಿಗಾಲ ಇನ್ನೊಂದಿಲ್ಲ.

ಅದು ನಿಜಾಮರ ಕಾಲ. ಆ ಕಾಲ ಮುಗಿಯುತ್ತ ಬಂದಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಶಹಾಪುರದ ಕಚೇರಿಯ ಫಲಕ ಉರ್ದುವಿನಲ್ಲಿ, ಹುಡುಗರ ಪಾಠ ಉರ್ದುವಿನಲ್ಲಿ, ಹೊಲದ ಕಾಗದ ಉರ್ದುವಿನಲ್ಲಿ. ನಮ್ಮ ಜಗಳ ಮತ್ತು ಒಗಟು ಮಾತ್ರ ಕನ್ನಡದಲ್ಲಿ. ನನ್ನ ತವರು ಕೃಷ್ಣೆಯ ದಂಡೆಯ ತಿಂಥಣಿ. ಅಲ್ಲಿ ಹುಟ್ಟಿದ ಎಷ್ಟೋ ಹುಡುಗಿಯರ ಹಾಗೆ ನನಗೂ ಮೌನೇಶ್ವರನ ಹೆಸರಿಟ್ಟು ಮೌನಮ್ಮ ಎಂದು ಕರೆದಿದ್ದರು. ಹೆಸರಿಗೂ ನನ್ನ ಬಾಯಿಗೂ ಏನೇನೂ ಸಂಬಂಧವಿರಲಿಲ್ಲ. ವಟವಟ ಅನ್ನುವುದು ನಿಂತರೆ ಹುಡುಗಿಗೆ ಜ್ವರ ಬಂದಿದೆ ಎಂದು ಅವ್ವ ಹಣೆ ಮುಟ್ಟಿ ನೋಡುತ್ತಿದ್ದಳು.

ಮದುವೆಯಾಗಿ ಸಗರದ ಮನೆಯ ಹೊಸ್ತಿಲಿಗೆ ಬಂದೆ. ಗಂಡನ ಅಜ್ಜಿ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಅವಳನ್ನು ಎಲ್ಲರೂ ಆಯಿ ಅನ್ನುತ್ತಿದ್ದರು.

"ಒಗಟ ಬಿಡಿಸು, ಒಳಗ ಬಾ. ಕೆಳಗಿನಾಕಿ ಕುಂತಾಳ, ಮ್ಯಾಲಿನಾಕಿ ತಿರಗ್ತಾಳ, ಇಬ್ಬರೂ ತಿಂದದ್ದು ನಮ್ಮ ಹೊಟ್ಟಿಗಿ ಬರತದ. ಯಾರು?"

"ಬೀಸುಕಲ್ಲು" ಎಂದು ಥಟ್ಟನೆ ಅಂದುಬಿಟ್ಟೆ. ಮದುಮಗಳು ತಲೆ ಬಗ್ಗಿಸಿ ಸ್ವಲ್ಪ ಹೊತ್ತು ನಾಚಿ ಆಮೇಲೆ ಹೇಳಬೇಕಿತ್ತಂತೆ. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯ ಪದ್ಧತಿಯಂತೆ ನನ್ನ ಕಿವಿಯಲ್ಲಿ ಹೊಸ ಹೆಸರು ಉಸುರಿದಳು. ಚಂದ್ರಮ್ಮ. ಅವತ್ತಿನಿಂದ ಮೌನಮ್ಮ ತವರಿನಲ್ಲಿ ಉಳಿದಳು.

ಹೊಸ ಹೆಸರನ್ನಾದರೂ ಯಾರಾದರೂ ಕರೆದರೇ? ಗಂಡ ಹೆಂಡತಿಯ ಹೆಸರು ಹಿಡಿಯುವಂತಿಲ್ಲ, "ಕೇಳಿಲ್ಲಿ" ಅನ್ನುತ್ತಿದ್ದ. ಮಾವ ನನ್ನ ಕೂಡ ನೇರ ಮಾತಾಡುವಂತಿಲ್ಲ, ಗೋಡೆಗೆ ಹೇಳಿದ ಹಾಗೆ "ನೀರು ಬೇಕಾಗಿತ್ತು" ಅನ್ನುತ್ತಿದ್ದ. ಅತ್ತೆಗೆ ಕೆಲಸ ಜಾಸ್ತಿ, ಮಾತು ಕಮ್ಮಿ. "ಏ ಹುಡುಗಿ" ಅಂದರೆ ಮುಗಿಯಿತು. ಒಳ್ಳೆಯ ಜನ, ಹೊಟ್ಟೆ ತುಂಬ ಇಟ್ಟರು, ಬೈದದ್ದು ಕಡಿಮೆ. ಆದರೂ ನೀರಿಗೆ ಹೋದಾಗ ಯಾರೂ ಇಲ್ಲದ್ದು ನೋಡಿ ಬಾವಿಯೊಳಗೆ ಬಗ್ಗಿ "ಮೌನಮ್ಮಾ" ಎಂದು ನಾನೇ ಕರೆದುಕೊಳ್ಳುತ್ತಿದ್ದೆ. ಬಾವಿ ತಿರುಗಿ ಕರೆಯುತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ಮಧ್ಯಾಹ್ನ ಕೆಲಸ ತೀರಿದ ಮೇಲೆ ಆಯಿಯ ದರಬಾರು. ಪಕ್ಕದ ಮನೆಯ ಹುಸೇನಬಿ ಬರುತ್ತಿದ್ದಳು. ಅವಳ ಗಂಡ ಸಗರದಿಂದ ಶಹಾಪುರಕ್ಕೆ ಟಾಂಗಾ ಹೊಡೆಯುತ್ತಿದ್ದ. ನಾನು ಅವಳಿಗೆ ಖಾಲಾ ಅನ್ನುತ್ತಿದ್ದೆ. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕೂತು ಒಬ್ಬರಿಗೊಬ್ಬರು ಒಗಟು ಒಡ್ಡುವುದು. ನಮ್ಮ ಓಣಿಯ ಕಾಯಿದೆ ಏನೆಂದರೆ, ಬಿಡಿಸಲಾರದವರು ಒಂದು ಊರು ಕೊಡಬೇಕು. "ಸೋತೆ, ರಸ್ತಾಪುರ ಕೊಟ್ಟೆ" ಅನ್ನಬೇಕು. ಆಮೇಲೆ ಆ ಊರು ಗೆದ್ದವರದು. ಹುಸೇನಬಿಯಿಂದ ಆಯಿ ತಾಲೂಕಿಗೆ ತಾಲೂಕೇ ಕಸಿದುಕೊಂಡಿದ್ದಳು.

"ಹೈದರಾಬಾದ ಒಂದು ನಿಜಾಮರಿಗಿ ಬಿಟ್ಟೀನಿ ನೋಡು," ಅನ್ನುತ್ತಿದ್ದಳು ಆಯಿ. "ಪಾಪ, ಅವರಿಗೂ ಇರ್ಲಿ."

"ಶುಕರ್ ಅಲ್ಲಾಕಾ! ಕುಂಡ್ರಾಕ ಅವರಿಗಿ ಒಂದು ಜಾಗಾ ಉಳಸಿದಿ" ಎಂದು ಹುಸೇನಬಿ ಆಕಾಶಕ್ಕೆ ಕೈ ಎತ್ತುತ್ತಿದ್ದಳು.

ನಾನು ಮೊದಲ ಸಲ ಅವರ ನಡುವೆ ಕೂತ ದಿನ ಹುಸೇನಬಿ ಕೇಳಿದ್ದು ಇನ್ನೂ ನೆನಪಿದೆ. "ದುಂಡಗ ಅದ, ಉರಳಂಗಿಲ್ಲ. ಹೊಟ್ಟಿ ತುಂಬ ಮಂದಿ ಅದಾರ, ಒಬ್ಬರನ್ನೂ ನುಂಗಂಗಿಲ್ಲ. ನೀರಾಗ ನಡೀತದ, ಕಾಲಿಲ್ಲ." ಹೊಳೆ ದಂಡೆಯವಳಿಗೆ ಇದನ್ನು ಕೇಳಬಹುದೇ? "ಹರಗೋಲು" ಅಂದೆ. ನನಗೆ ಸಿಕ್ಕ ಮೊದಲ ಊರು ಸುರಪುರ. ಆ ರಾತ್ರಿ ಗಂಡನಿಗೆ, "ಸುರಪುರ ನಂದೇ ಈಗ" ಎಂದು ಹೇಳಿದೆ. ಅವನಿಗೆ ಅರ್ಥವಾಗದೆ, "ಹೂಂ, ಮಕ್ಕೋ" ಅಂದ.

ಗೆದ್ದೆ, ಸೋತೆ. ಊರುಗಳು ಬಂದವು, ಹೋದವು. ತಿಂಥಣಿಯನ್ನು ಮಾತ್ರ ನಾನು ಒಮ್ಮೆಯೂ ಕೊಡಲಿಲ್ಲ. ಕೈಯಲ್ಲಿ ಬೇರೆ ಊರು ಉಳಿಯದಿದ್ದರೆ ಕೇಳಿದ ಹಳ್ಳಿಗಳ ಹೆಸರನ್ನೆಲ್ಲ ಹುಡುಕಿ ಕೊಡುತ್ತಿದ್ದೆ. ಆಯಿ ಅದನ್ನು ಗಮನಿಸಿದ್ದಳು. ಬಾಯಿಬಿಟ್ಟು ಕೇಳಲಿಲ್ಲ.

ಹಿಂಗಾರಿ ಬಿತ್ತನೆ ಮುಗಿದು ದೀಪಾವಳಿಯೂ ಕಳೆದಿತ್ತು. ಒಂದು ಮುಂಜಾನೆ ಆಯಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಹುಸೇನಬಿಯ ಗಂಡ ಟಾಂಗಾ ಕಟ್ಟಿಕೊಂಡು ಹೋಗಿ ಶಹಾಪುರದಿಂದ ಹಕೀಮನನ್ನು ಕರೆತಂದ. ಹಕೀಮ ನಾಡಿ ನೋಡಿ, ಲಕ್ವಾ ಹೊಡೆದಿದೆ, ಜೀವಕ್ಕೆ ಭಯವಿಲ್ಲ, ನಾಲಿಗೆಯ ಮಾತು ಅಲ್ಲಾನ ಕೈಯಲ್ಲಿದೆ ಅಂದ. ದಿನ ಕಳೆದಂತೆ ಬಾಯಿ ನೆಟ್ಟಗಾಯಿತು, ಕಾಲಿಗೆ ಬಲ ಬಂತು. ಮಾತೂ ಬಂತು. ಬರದೇ ಹೋದದ್ದು ಹೆಸರುಗಳು. ಮಗನ ಹೆಸರಿಲ್ಲ, ಊರಿನ ಹೆಸರಿಲ್ಲ, ಉಪ್ಪಿನ ಹೆಸರಿಲ್ಲ. ಏನೋ ಬೇಕು ಎಂದು ಬಾಯಿ ತೆರೆಯುವಳು, ಹೆಸರು ಸಿಗದೆ ಏನೇನೋ ಅನ್ನುವಳು, ಕಣ್ಣು ತುಂಬಿಕೊಂಡು ಗೋಡೆಗೆ ಮುಖ ತಿರುಗಿಸುವಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಸುದ್ದಿ ಕೇಳಿ ಬಳಿಚಕ್ರದಿಂದ ಮಾವನ ತಂಗಿ ನೀಲಮ್ಮತ್ತೆ ಬಂದಳು. ತಾಯಿಯ ಮೇಲೆ ಬಲು ಜೀವ ಅವಳಿಗೆ, ಗಟ್ಟಿ ದನಿಯ ಹೆಂಗಸು. ಸ್ವಲ್ಪ ಹೊತ್ತು ಕೂತು ನೋಡಿ ಎದ್ದು ಬಂದು ಅಣ್ಣನಿಗೆ ಹೇಳಿದಳು:

"ಅವ್ವನ ತೆಲಿ ಕೆಟ್ಟದ. ನಿಮಗ ಹೊಲ ಮನಿ ಅದ, ಯಾರು ನೋಡಬೇಕು? ಸುಗ್ಗಿ ಆಗ್ಲಿ, ನಾ ಬಳಿಚಕ್ರಕ್ಕ ಕರಕೊಂಡು ಹೋಗ್ತೀನಿ."

ಒಳಗೆ ಮಲಗಿದ್ದ ಆಯಿಗೆ ಅದು ಕೇಳಿಸಿತು. ಹೆಸರುಗಳು ಹೋಗಿದ್ದವೇ ಹೊರತು ಕಿವಿ ಹೋಗಿರಲಿಲ್ಲ, ಬುದ್ಧಿಯೂ ಹೋಗಿರಲಿಲ್ಲ. ಮಗಳ ಮನೆಯಲ್ಲಿ ಕೊನೆಯ ಉಸಿರು ಬಿಡುವುದೆಂದರೆ ಅವಳ ಕಾಲದವರಿಗೆ ಸಾವಿಗಿಂತ ದೊಡ್ಡ ಸಂಕಟ. ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು, "ಬ್ಯಾಡ. ಬ್ಯಾಡ" ಅಂದಳು. ಆ ಎರಡು ಮಾತು ಸ್ಪಷ್ಟವಾಗಿಯೇ ಬಂದವು. ನನಗೆ ಎದೆ ಒಡೆದ ಹಾಗಾಯಿತು. ಆ ಮನೆಯಲ್ಲಿ ನನ್ನ ವಟವಟ ಕೇಳಿ ನಕ್ಕವಳು ಅವಳೊಬ್ಬಳೇ.

ಅದಾದ ಮರುದಿನವೋ ಅದರಾಚೆಗೋ, ನಾನು ಅವಳ ತಲೆ ಬಾಚುತ್ತಿದ್ದೆ. ಮೆಲ್ಲಗೆ ಅಂದಳು: "ಹೊಟ್ಟಿ ತಣ್ಣಗದ. ಕುತಗಿ ಹಿಡದರ ಬಗ್ಗತಾಳ. ಬಗ್ಗಿದರ ಅಳತಾಳ."

ಅತ್ತೆ ಒಲೆಯ ಮುಂದಿನಿಂದಲೇ "ಮತ್ತ ಸುರು ಆತು" ಎಂದು ನಿಟ್ಟುಸಿರುಬಿಟ್ಟಳು. ನನ್ನ ಕೈಯ ಬಾಚಣಿಕೆ ಮಾತ್ರ ನಿಂತಿತು. ಇದು ಹುಚ್ಚಿನ ಮಾತಲ್ಲ, ಒಗಟು! ಓಡಿಹೋಗಿ ತಂಬಿಗೆಯಲ್ಲಿ ನೀರು ತಂದೆ. ಆಯಿ ಗಟಗಟ ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಹಳೆಯ ಆಯಿ ಇದ್ದಳು.

"ಗೆದ್ದಿ. ಆ ಊರು... ಗುಡ್ಡ ಮಲಗ್ಯಾದಲ್ಲ, ಆ ಊರು ಕೊಟ್ಟೆ."

ಶಹಾಪುರ! ಮಲಗಿದ ಮನುಷ್ಯನ ಹಾಗೆ ಗುಡ್ಡ ಇರುವುದು ಅಲ್ಲಿಯೇ ಅಲ್ಲವೇ? ನಾನು ನಕ್ಕೆ, ಕಣ್ಣೀರೂ ಬಂತು, ಆಯಿಯೂ ನಕ್ಕಳು. ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನಮ್ಮಿಬ್ಬರನ್ನೂ ನೋಡಿದಳು. ತಲೆ ಕೆಟ್ಟವಳು ಒಬ್ಬಳಿದ್ದದ್ದು ಇಬ್ಬರಾದರಲ್ಲ ಎಂದು ಹೆದರಿದಳೋ ಏನೋ.

ಹೆಸರು ಹೋದರೂ ಒಗಟು ಕಟ್ಟುವ ಕೈ ಹೋಗಿರಲಿಲ್ಲ. ಜೀವಮಾನವೆಲ್ಲ ಹೆಸರು ಬಿಟ್ಟು ಸುತ್ತಲಿನದನ್ನು ಹೇಳಿದವಳು, ಈಗ ಅದೇ ದಾರಿಯಲ್ಲಿ ಮಾತಿಗೆ ಮರಳಿದಳು. ಆ ಚಳಿಗಾಲ ನಮ್ಮ ಮನೆಯಲ್ಲಿ ಉಪ್ಪು ಬೇಕಾದರೂ ಒಗಟು, ಹೊದಿಕೆ ಬೇಕಾದರೂ ಒಗಟು. ಮೊದಮೊದಲು ಹುಸೇನಬಿ ಮತ್ತು ನಾನೇ ಬಿಡಿಸುತ್ತಿದ್ದೆವು. ಆಮೇಲೆ ಗಂಡನಿಗೂ ರುಚಿ ಹತ್ತಿತು. ಹೊಲದಿಂದ ಬರುತ್ತಲೇ "ಇವತ್ತೇನು ಕೇಳ್ಯಾಳ ಆಯಿ?" ಅನ್ನುತ್ತಿದ್ದ. ಅತ್ತೆಯಂತೂ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುವಳು. ಉತ್ತರ ಸಿಕ್ಕರೆ ಹೇಳುವುದಿಲ್ಲ, ಸುಮ್ಮನೆ ಎದ್ದು ಆ ಸಾಮಾನು ತಂದು ಆಯಿಯ ಮುಂದೆ ಕುಕ್ಕುವಳು. ಗೆದ್ದ ಊರುಗಳನ್ನೂ ಕೇಳುತ್ತಿರಲಿಲ್ಲ.

ಮಾವನೊಬ್ಬನಿಗೆ ಮಾತ್ರ ತಲೆ ಓಡುತ್ತಿರಲಿಲ್ಲ. ಒಮ್ಮೆ ಆಯಿಗೆ ಬಿಸಿ ರೊಟ್ಟಿ ತಿನ್ನುವ ಆಸೆಯಾಗಿ, "ಕರ್ರಗದಾನ, ದಿನಾ ಬೆಂಕಿ ಮ್ಯಾಲೇ ಕುಂಡ್ರತಾನ, ತಾನು ಉಣ್ಣಂಗಿಲ್ಲ, ಎಲ್ಲರಿಗೂ ಉಣಸ್ತಾನ" ಅಂದಳು. ಹಂಚು ಎಂದು ನನಗೆ ಆಗಲೇ ಹೊಳೆದಿತ್ತು. ಮಾವ ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಕಮ್ಮಾರ ಈರಣ್ಣನ್ನ ಕರೀಲೇನು ಯವ್ವಾ?" ಎಂದು ಕೇಳಿದ. ಆಯಿ ನಕ್ಕ ರಭಸಕ್ಕೆ ಕೆಮ್ಮು ಹತ್ತಿತು. ಮಾವ ಕೂಡ ನಕ್ಕ. ಗೋಡೆಗಲ್ಲ, ನನ್ನ ಕಡೆಯೇ ನೋಡಿ ನಕ್ಕ.

ಎಳ್ಳ ಅಮಾವಾಸ್ಯೆಯೂ ಆಯಿತು. ಜೋಳದ ಕಾಳು ಗಟ್ಟಿಯಾಗುತ್ತ ಬಂತು. ನೀಲಮ್ಮತ್ತೆ ಬಳಿಚಕ್ರದಿಂದ ಮತ್ತೆ ಬಂದಳು, ಈ ಸಲ ತಾಯಿಯನ್ನು ಕರೆದೊಯ್ಯಲು ಗಾಡಿಯನ್ನೇ ತಂದಿದ್ದಳು. ಆಯಿ ಒಗಟಿನಲ್ಲಿ ಮಾತಾಡುತ್ತಾಳೆ ಎಂದರೆ ಅವಳು ನಂಬಲಿಲ್ಲ.

"ಆಟ ಬ್ಯಾರೆ, ಬುದ್ಧಿ ಬ್ಯಾರೆ. ನೀವು ಅಕಿ ಕೂಡ ಆಟ ಆಡಾಕತ್ತೀರಿ ಅಷ್ಟೇ" ಅಂದಳು.

ಮಾವ ಯೋಚನೆ ಮಾಡಿ ಒಂದು ಮಾತು ಹೇಳಿದ. ನಮ್ಮಲ್ಲಿ ಕೊಯ್ಲಿಗೆ ಮುಂಚೆ ಮನೆಯ ಹಿರಿಯ ಹೆಂಗಸು ಹೊಲದಲ್ಲಿ ತಿರುಗಾಡಿ ಬೀಜಕ್ಕೆ ತೆನೆ ಆರಿಸಿ, ಗುರುತಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಆ ಕೈ ತಪ್ಪಿದರೆ ಮುಂದಿನ ವರ್ಷದ ಬೆಳೆಯೇ ತಪ್ಪಿತು. "ಈ ವರ್ಷವೂ ಬೀಜ ಅವ್ವನೇ ಆರಿಸ್ಲಿ. ಬರೋಬ್ಬರಿ ಆರಿಸಿದರ ಅಕಿ ತೆಲಿ ನೆಟ್ಟಗದ ಅಂತ ಅರ್ಥ, ಇಲ್ಲೇ ಇರ್ತಾಳ. ಇಲ್ಲಂದ್ರ ನಿನ್ನ ಗಾಡಿ ಹೂಡು" ಅಂದ ತಂಗಿಗೆ. ನೀಲಮ್ಮತ್ತೆ ಒಪ್ಪಿದಳು.

ಮರುದಿನ ಹುಸೇನಬಿಯ ಗಂಡ ಆಯಿಯನ್ನು ಟಾಂಗಾದಲ್ಲಿ ಹೊಲಕ್ಕೆ ತಂದಿಳಿಸಿದ. ಹುಸೇನಬಿಯೂ ಬಂದಳು, ಬಿಟ್ಟರೆ ತಾನೇ. ಹೊಲದ ತಗ್ಗಿನಲ್ಲಿ ತಡವಾಗಿ ಬಿತ್ತಿದ್ದ ಪಟ್ಟಿಯ ತೆನೆ ಇನ್ನೂ ಹಸಿಯಾಗಿತ್ತು. ಗಂಡ ಬೇವಿನ ಗಿಡದ ಹತ್ತಿರ ಕುಳ್ಳು ಹೊತ್ತಿಸಿ ಸೀತನಿಗೆ ಇಟ್ಟ. ಮುಂಜಾನೆಯ ಇಬ್ಬನಿ ಆರಿ, ಎರೆಮಣ್ಣು ಕಾಲಿಗೆ ತಣ್ಣಗಿತ್ತು. ಆಯಿ ಎಡಗೈಯನ್ನು ನನ್ನ ಹೆಗಲ ಮೇಲೆ ಇಟ್ಟು ಬೆಳೆಯೊಳಗೆ ನಡೆದಳು. ದಾರದ ಉಂಡೆ ನನ್ನ ಉಡಿಯಲ್ಲಿತ್ತು. ಹಿಂದೆ ಮಾವ, ಅತ್ತೆ, ನೀಲಮ್ಮತ್ತೆ.

ಆಯಿ ಅವಸರ ಮಾಡಲಿಲ್ಲ. ಹೆಗಲಿನ ಕೈ ತೆಗೆದು ದಂಟು ಮುಟ್ಟುವಳು, ತೆನೆ ಬಗ್ಗಿಸುವಳು, ಒಂದು ಕಾಳು ಕಿತ್ತು ಹಲ್ಲಿನಲ್ಲಿ ಕಡಿಯುವಳು. ಹಿಡಿಸಿದರೆ ಗದ್ದ ಎತ್ತುವಳು, ನಾನು ದಾರ ಕಟ್ಟಬೇಕು. ಕಣ್ಣಿಗೆ ಹೊಡೆಯುವ ದೊಡ್ಡ ತೆನೆಗಳನ್ನು ಎಷ್ಟೋ ಕಡೆ ದಾಟಿ ಮುಂದೆ ಹೋದಳು. ನೀಲಮ್ಮತ್ತೆಗೆ ತಡೆಯಲಾಗಲಿಲ್ಲ.

"ನೋಡಣ್ಣಾ, ಇಂಥಾ ತೆನಿ ಬಿಟ್ಟು ಹೊಂಟಾಳ! ಕೂಸಿನ ತೆಲಿಯಷ್ಟು ಅದ."

ಆಯಿ ನಿಂತಳು. ಮಗಳ ಕಡೆ ತಿರುಗಿ, "ಮೈತುಂಬ ಸೀರಿ, ಒಳಗ ಬೂದಿ" ಅಂದಳು. ಮಾವ ಆ ತೆನೆ ಬಗ್ಗಿಸಿ ಅಂಗೈಯಲ್ಲಿ ತಿಕ್ಕಿದ. ಕಾಳಿನ ಬದಲು ಕರಿ ಪುಡಿ ಉದುರಿತು. ಕಾಡಿಗೆ ರೋಗ ಹೊಕ್ಕಿತ್ತು. ಮಾವ ಕಪ್ಪಾದ ಅಂಗೈಯನ್ನು ತಂಗಿಯ ಮುಂದೆ ಹಿಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ಒಗಟು ಬಿಡಿಸಲು ಬಂದಿತ್ತು.

ನೀಲಮ್ಮತ್ತೆ ಆ ಕೈ ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ ಹೋಗಿ ತಾಯಿಯ ಇನ್ನೊಂದು ಬದಿಗೆ ನಿಂತು ಜೋತುಬಿದ್ದ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ನಾ ಇನ್ನ ಕರಿಯಂಗಿಲ್ಲವ್ವಾ, ನೀ ಇಲ್ಲೇ ಇರು. ಆದರ ಒಗಟ ನನಗೂ ಕಲಸು, ಬಂದಾಗ ನಿನ್ನ ಕೂಡ ಮಾತಾಡಬೇಕಲ್ಲ" ಅಂದಳು. ಗಟ್ಟಿ ದನಿ ನಡುವೆ ಒಡೆಯಿತು. ನಾನು ಅಳುಮುಖ ಮುಚ್ಚಿಕೊಳ್ಳಲು ತೆನೆಯ ಹಿಂದೆ ಸರಿದೆ.

ಬೇವಿನ ನೆರಳಿಗೆ ಬಂದು ಎಲ್ಲರೂ ಕೂತೆವು. ಬಿಸಿ ಸೀತನಿ, ಬೆಲ್ಲ, ಶೇಂಗಾ ಹಿಂಡಿ. ಆಯಿ ದಣಿದಿದ್ದಳು, ಅರ್ಧ ಹೊಲ ಇನ್ನೂ ಉಳಿದಿತ್ತು. ಸೀತನಿ ಮೆಲ್ಲುತ್ತ ಅವಳು ಎಲ್ಲರನ್ನೂ ಒಮ್ಮೆ ನೋಡಿ ಹೇಳಿದಳು:

"ಹೊಳಿ ದಂಡ್ಯಾಗ ಹುಟ್ಟೇದ, ಎರಿ ಹೊಲಕ್ಕ ಬಂದದ. ಬೇರು ಬಿಟ್ಟದ, ನೆಳ್ಳೂ ಕೊಟ್ಟದ. ಎಲ್ಲಾರೂ ನೆಳ್ಳಾಗ ಕುಂಡ್ರತಾರ, ಹೆಸರು ಮಾತ್ರ ಯಾರೂ ಅನ್ನಂಗಿಲ್ಲ. ಉಳದ ಹೊಲಕ್ಕ ನನಗ ಅದೇ ಬೇಕು."

ಮನೆಮಂದಿಯೆಲ್ಲ ಎದ್ದು ಹುಡುಕತೊಡಗಿದೆವು. ಗಂಡ ಬೇವಿನ ಗಿಡ ಅಂದ, ಆಯಿ ತಲೆ ಅಲ್ಲಾಡಿಸಿದಳು. ಊರುಗೋಲಿಗೆ ಜಾಲಿಯ ಕೊಂಬೆ ಬೇಕೇನೋ ಎಂದು ಮಾವ ಮುರಿದು ತಂದ. ಅಲ್ಲ. ನೀಲಮ್ಮತ್ತೆ ಹೊಸ ಹುರುಪಿನಲ್ಲಿ ಕಂಬಳಿ ಅಂದಳು, ಕೊಡೆ ಅಂದಳು. ಆಯಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಬದುವಿನ ಗಿಡಗಂಟಿಗಳನ್ನೆಲ್ಲ ಮನಸ್ಸಿನಲ್ಲಿ ಎಣಿಸಿದೆ. ಹೊಳೆ ದಂಡೆಯ ಗಿಡವೆಂದರೆ ನನಗೆ ಗೊತ್ತಿಲ್ಲದ್ದು ಯಾವುದು? ಒಂದೂ ಹೊಂದಲಿಲ್ಲ. ಒಗಟು ಆಡುವವರ ಹಣೆಬರಹವೇ ಅಷ್ಟು. ಲೋಕವನ್ನೆಲ್ಲ ಹುಡುಕುತ್ತೇವೆ, ಕೂತ ಜಾಗ ಬಿಟ್ಟು.

"ಸೋತೆ, ಆಯಿ" ಅಂದೆ.

"ಊರು?"

ಕೈಯಲ್ಲಿ ಊರುಗಳು ಬೇಕಾದಷ್ಟಿದ್ದವು. ಆದರೆ ಆ ದಿನ ಆಯಿಗೆ ಸಣ್ಣದನ್ನು ಕೊಡಲು ಮನಸ್ಸಾಗಲಿಲ್ಲ. "ತಿಂಥಣಿ ಕೊಟ್ಟೆ" ಅಂದೆ.

ಅಷ್ಟು ಹೊತ್ತು ಸುಮ್ಮನೆ ಸೀತನಿ ತಿನ್ನುತ್ತಿದ್ದ ಹುಸೇನಬಿ ಕೈ ಜಾಡಿಸಿ ಹಣೆ ಬಡಿದುಕೊಂಡಳು. "ಅರೆ ಪಗಲಿ! ಹೊಳಿ ದಂಡ್ಯಾಗ ಹುಟ್ಟಿದಾಕಿ ಇಲ್ಲಿ ಮತ್ಯಾರು ಅದಾರ? ಅದು ನೀನೇ! ಉಳದ ಹೊಲಕ್ಕ ದಾರ ನೀ ಕಟ್ಟಬೇಕಂತ."

ಹೊಸ ಸೊಸೆಯ ಕೈಗೆ ಬೀಜ! ನಾನು ಅತ್ತೆಯ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು, "ಹೇಳ್ಯಾಳಲ್ಲ, ಕಟ್ಟು" ಅಂದಳು. ಆಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಗಂಟಿಕ್ಕಿತ್ತು, ಏನನ್ನೋ ಹುಡುಕುತ್ತಿದ್ದಳು.

"ನಿನಗ ನಾ ಇಟ್ಟ ಹೆಸರು ಹೋಗ್ಯಾದ," ಅಂದಳು. "ತಿಂಥಣಿ ಈಗ ನಂದು. ಅಲ್ಲಿ ನಿನಗೇನಂತಿದ್ರು?"

ಊರಿನ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದನ್ನು ಆಗ ಯಾರೂ ಗಮನಿಸಲಿಲ್ಲ. ತವರಿನಲ್ಲಿ ನನ್ನ ಹೆಸರೇನಿತ್ತು ಎಂದು ಆ ಮನೆಯಲ್ಲಿ ಕೇಳಿದವರು ಒಬ್ಬರೂ ಇರಲಿಲ್ಲ. "ಮೌನಮ್ಮ" ಅಂದೆ. ಮಾವ, ಗಂಡ, ಎಲ್ಲರ ಎದುರಿಗೆ, ಬಾವಿಯೊಳಗೆ ಬಗ್ಗದೆ.

ಉಳಿದ ಅರ್ಧ ಹೊಲಕ್ಕೆ ಅವತ್ತು ನಾನು ದಾರ ಕಟ್ಟಿದೆ. ಕಾಳು ಕಡಿದು ಕಡಿದು ಸಂಜೆಗೆ ದವಡೆ ನೋಯುತ್ತಿತ್ತು. ಮರುವರ್ಷ ಬೆಳೆ ಚೆನ್ನಾಗಿಯೇ ಬಂತು. ನಿಜಾಮರು ಹೋದ ಮೇಲೂ ಆಯಿ ನಮ್ಮ ಜೊತೆ ಇದ್ದಳು, ಹೈದರಾಬಾದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು, ತನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು.

ಹೆಸರು ಹೇಳಿದೆನೇನೋ ಸರಿ, ಅದು ಅವಳಲ್ಲಿ ನಿಲ್ಲುತ್ತಿರಲಿಲ್ಲ. ರಾತ್ರಿ ಮಲಗಿ ಎದ್ದರೆ ಹೋಗಿರುತ್ತಿತ್ತು. ದಿನಾ ಮುಂಜಾನೆ ನಾನು ಮುಖ ತೊಳೆಸಲು ಹೋದಾಗ, "ತಿಂಥಣ್ಯಾಗ ನಿನಗೇನಂತಿದ್ರು?" ಎಂದು ಹೊಸದಾಗಿ ಕೇಳುವಳು. ದಿನಾ ನಾನು ಹೊಸದಾಗಿ ಹೇಳುವೆ. ಅವಳು ಪಾಪ ಕಳೆದುಕೊಂಡೆನೆಂದು ಕೊರಗುತ್ತಿದ್ದಳು, ನನಗೋ ದಿನಕ್ಕೊಮ್ಮೆ ನನ್ನ ಹೆಸರು ಸಿಗುತ್ತಿತ್ತು. ಬಾವಿಗೆ ಕರೆಯುವುದನ್ನು ಬಿಟ್ಟೇಬಿಟ್ಟೆ.

ಆ ಸುಗ್ಗಿಯ ಕಡೆಯ ದಿನಗಳಲ್ಲಿ ಒಂದು ಮುಂಜಾನೆ ಆಯಿ ಎಂದಿನಂತೆ ಕೇಳಿದಳು. ನನ್ನ ಬಾಯಿಯಲ್ಲಿ ಬೇವಿನ ಕಡ್ಡಿ ಇತ್ತು. ಅದನ್ನು ತೆಗೆಯುವಷ್ಟರಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ, ತಿರುಗಿಯೂ ನೋಡದೆ, ಉತ್ತರ ಕೊಟ್ಟಳು.

"ಮೌನಮ್ಮ ಅಂತ. ದಿನಾ ಹೇಳಾಕತ್ತಾಳಲ್ಲ. ಮೌನಮ್ಮಾ, ಬಾ, ರೊಟ್ಟಿ ಬಿಸಿ ಅದ, ಉಣ್ಣು."